ಮಗಳ ಬೆನ್ನು ವಾಲಿದ್ದಕ್ಕೆ ಬ್ಯಾಗ್ ಕಾರಣವಾ, ಮೊಬೈಲಾ, ನಮ್ಮ ಮದುವೆಯಾ?

ಪ್ರಶ್ನೆ: ಡಾಕ್ಟ್ರೇ, ನನ್ನ ದೊಡ್ಡ ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ನಾವಿರೋದು ತುಮಕೂರಿನಲ್ಲಿ. ನನ್ನ ತಮ್ಮನ ಮದುವೆಗೆ ಅಂತ ಲಂಗ ಬ್ಲೌಸ್ ಹೊಲಿಸಲು ಹೋದಾಗ ಟೈಲರ್ ಎರಡೆರಡು ಸಲ ಟೇಪ್ ಹಿಡಿದು, "ಮೇಡಂ, ಮಗೂದು ಬಲಗಡೆ ಹೆಗಲು ಎತ್ತರ ಇದೆ, ಸೊಂಟಾನೂ ಎರಡು ಕಡೆ ಒಂದೇ ಥರ ಇಲ್ಲ, ಯಾವುದಕ್ಕೂ ಡಾಕ್ಟರಿಗೆ ತೋರಿಸಿ" ಅಂದರು. ಎಕ್ಸ್‌ರೇ ತೆಗೆಸಿದೆವು. ಇಡಿಯೋಪಥಿಕ್ ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಡೊಂಕು, ಎದೆಭಾಗದಲ್ಲಿ ಬಲಕ್ಕೆ 24 ಡಿಗ್ರಿ ಅಂತ ಬರೆದಿದ್ದಾರೆ. ನಾಲ್ಕು ತಿಂಗಳು ಬಿಟ್ಟು ಬನ್ನಿ ಅಂದರು. ಅವಳಿಗೆ ನೋವೇನೂ ಇಲ್ಲ. ಇನ್ನೂ ದೊಡ್ಡವಳಾಗಿಲ್ಲ. ಮನೆಯಲ್ಲಿ ಮಾತ್ರ ದಿನಾ ಇದೇ ಮಾತು. ಬ್ಯಾಗನ್ನು ಒಂದೇ ಹೆಗಲಿಗೆ ಹಾಕಿಕೊಂಡು ಹೀಗಾಯ್ತು ಅಂತಾರೆ ಅತ್ತೆ. ಮಂಚದಲ್ಲಿ ಒರಗಿ ಮೊಬೈಲ್ ನೋಡಿದ್ದಕ್ಕೆ ಅಂತಾರೆ ಯಜಮಾನರು. ನಾನು ಸೋದರತ್ತೆ ಮಗನನ್ನೇ ಮದುವೆಯಾಗಿರೋದರಿಂದ ಅಂತಾಳೆ ನನ್ನ ತಂಗಿ. ಮಗಳಿಗೆ ಹಾಲು ಕಂಡರಾಗಲ್ಲ. ಐದು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ನನ್ನ ಚಿಕ್ಕಮ್ಮನ ಬೆನ್ನೂ ಸ್ವಲ್ಪ ವಾಲಿದೆ. ಇಷ್ಟರಲ್ಲಿ ನಿಜವಾದ ಕಾರಣ ಯಾವುದು? ಚಿಕ್ಕ ಮಗಳಿಗೆ 10 ವರ್ಷ, ಅವಳಿಗೂ ಬರುತ್ತಾ? ನಾವೇನು ತಪ್ಪು ಮಾಡಿದೆವು?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ನೀವು ಯಾರೂ ಏನೂ ತಪ್ಪು ಮಾಡಿಲ್ಲ. ಸಮಾಧಾನಕ್ಕೆ ಅಂತ ಹೇಳ್ತಿಲ್ಲ, ಇವತ್ತಿನವರೆಗೆ ಗೊತ್ತಿರುವ ವಿಷಯ ಇಟ್ಟುಕೊಂಡೇ ಹೇಳ್ತಿದ್ದೀನಿ. ನಿಮ್ಮ ಪಟ್ಟಿಯಲ್ಲಿ ತೂಕ ಇರುವುದು ಒಂದೇ ಒಂದು ಅಂಶಕ್ಕೆ. ಅದು ನೀವು ಕೊನೆಗೆ, ಸುಮ್ನೆ ಸೇರಿಸಿದ ಹಾಗೆ ಬರೆದಿರುವ ಚಿಕ್ಕಮ್ಮನ ಬೆನ್ನು.

ಆ ಟೈಲರಿಗೆ ಒಂದು ಥ್ಯಾಂಕ್ಸ್ ಹೇಳಿ. ಈ ವಯಸ್ಸಿನ ಹುಡುಗಿಯರ ಬೆನ್ನನ್ನು ಮನೆಯಲ್ಲಿ ಯಾರೂ ನೋಡುವುದಿಲ್ಲ. ಸ್ನಾನ ಮಾಡಿಸುವ ವಯಸ್ಸು ದಾಟಿರುತ್ತದೆ, ಮೇಲೆ ಸಡಿಲ ಟೀ ಶರ್ಟು. ನೋವೂ ಇರುವುದಿಲ್ಲ. ಹಾಗಾಗಿ ಬ್ಲೌಸಿನ ಅಳತೆಯಲ್ಲೋ, ಯೂನಿಫಾರಂ ಸ್ಕರ್ಟಿನ ಅಂಚು ಒಂದು ಕಡೆ ಮೇಲೆ ಹೋಗಿರುವುದರಲ್ಲೋ ಗೊತ್ತಾಗುತ್ತದೆ. 24 ಡಿಗ್ರಿಗೇ ಸಿಕ್ಕಿದ್ದು ಒಳ್ಳೆಯದಾಯಿತು. 50 ದಾಟಿದ ಮೇಲೆ ಮೊದಲ ಸಲ ಬರುವ ಮಕ್ಕಳೂ ಇದ್ದಾರೆ.

ಈ ಡಿಗ್ರಿ ಲೆಕ್ಕ ಏನು ಅಂತ ಹೇಳಿಬಿಡ್ತೀನಿ. ಎಕ್ಸ್‌ರೇಯಲ್ಲಿ ಡೊಂಕಿನ ಮೇಲ್ತುದಿಯ ಮತ್ತು ಕೆಳತುದಿಯ ಕಶೇರುಗಳಿಗೆ, ಅಂದರೆ ಬೆನ್ನುಮೂಳೆಯ ಆ ಎರಡು ತುಂಡುಗಳಿಗೆ, ಗೆರೆ ಎಳೆದು ನಡುವಿನ ಕೋನ ಅಳೆಯುತ್ತಾರೆ. ನ್ಯೂಯಾರ್ಕಿನ ಜಾನ್ ಕಾಬ್ ಎಂಬ ಮೂಳೆ ವೈದ್ಯ 1948ರಲ್ಲಿ ಹೇಳಿಕೊಟ್ಟ ಕ್ರಮ ಇದು. 10 ಡಿಗ್ರಿಗಿಂತ ಕಡಿಮೆ ಇದ್ದರೆ ಸ್ಕೋಲಿಯೋಸಿಸ್ ಅನ್ನುವುದೇ ಇಲ್ಲ. 10 ದಾಟಿದವರು ಹದಿಹರೆಯದ ನೂರು ಮಕ್ಕಳಲ್ಲಿ ಎರಡು ಮೂರು ಜನ ಸಿಗುತ್ತಾರೆ. ಅಂದರೆ ನಿಮ್ಮ ಮಗಳ ಶಾಲೆಯಲ್ಲೇ ಇನ್ನೂ ಕೆಲವರಿಗೆ ಇರಬಹುದು, ಅವರ ಟೈಲರ್ ನೋಡಿಲ್ಲ ಅಷ್ಟೇ. ಆಪರೇಷನ್ ಮಟ್ಟಕ್ಕೆ ಹೋಗುವವರು ಸಾವಿರಕ್ಕೆ ಒಂದರಿಂದ ಮೂರು.

ಚೀಟಿಯಲ್ಲಿರುವ ಇಡಿಯೋಪಥಿಕ್ ಅನ್ನುವುದಕ್ಕೆ ಬರೋಣ. ಹುಡುಕಿದರೂ ಇಂಥದ್ದೇ ಕಾರಣ ಅಂತ ಸಿಗಲಿಲ್ಲ ಅನ್ನುವಾಗ ಹಾಗೆ ಬರೆಯುತ್ತಾರೆ. ಸ್ಕೋಲಿಯೋಸಿಸ್ ಇರುವ ಹತ್ತರಲ್ಲಿ ಎಂಟು ಮಕ್ಕಳದ್ದು ಈ ಗುಂಪು. ಆದರೆ ಹುಡುಕಿರಬೇಕು, ಅದು ಮುಖ್ಯ. ನಿಮ್ಮ ಡಾಕ್ಟರು ಏನೇನು ನೋಡಿರುತ್ತಾರೆ ಅಂತ ತಿಳಿದರೆ ನಿಮ್ಮ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಮೊದಲು ಬರಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡುತ್ತೇವೆ. ಸೊಂಟದ ಎರಡೂ ಮೂಳೆಯ ಮೇಲೆ ಹೆಬ್ಬೆರಳಿಟ್ಟು, ಒಂದು ಕಾಲು ಗಿಡ್ಡ ಇದೆಯಾ ಅಂತ ನೋಡುತ್ತೇವೆ. ಕಾಲು ಗಿಡ್ಡ ಇದ್ದರೆ ಬೆನ್ನು ವಾಲುತ್ತದೆ, ಆದರೆ ಆ ಕಾಲಿನ ಕೆಳಗೆ ಒಂದು ಹಲಗೆ ತುಂಡು ಇಟ್ಟ ತಕ್ಷಣ ನೆಟ್ಟಗಾಗುತ್ತದೆ. ಆಮೇಲೆ ಚರ್ಮ. ಹಾಲು ಬೆರೆತ ಕಾಫಿ ಬಣ್ಣದ ಮಚ್ಚೆಗಳು ಆರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನರಗಳ ಒಂದು ಹುಟ್ಟು ಕಾಯಿಲೆಯನ್ನು ನೆನೆಯಬೇಕು. ಬೆನ್ನಿನ ನಡುವೆ ಕೂದಲ ಗುಚ್ಛವೋ ಗುಳಿಯೋ ಇದ್ದರೆ ಒಳಗಿನ ಬೆನ್ನುಹುರಿಯಲ್ಲಿ ಏನೋ ಇರಬಹುದು. ತೀರ ಉದ್ದ ಬೆರಳು, ಹಿಂದಕ್ಕೆ ಬಾಗುವ ಕೀಲುಗಳು, ಕಣ್ಣಿನ ತೊಂದರೆ ಜೊತೆಗಿದ್ದರೆ ಮಾರ್ಫನ್ ಅನ್ನುವ ಕಾಯಿಲೆಯ ಕಡೆ ಯೋಚನೆ ಹೋಗುತ್ತದೆ. ಪಾದದ ಕಮಾನು ಒಂದು ಕಾಲಲ್ಲಿ ಮಾತ್ರ ತುಂಬಾ ಎತ್ತರ ಇದೆಯಾ ಅಂತ ನೋಡುತ್ತೇವೆ. ಕೊನೆಗೆ ಮಲಗಿಸಿ, ಹೊಕ್ಕಳಿನ ಸುತ್ತ ನಾಲ್ಕು ಕಡೆ ಬೀಗದ ಕೈಯ ತುದಿಯಿಂದ ಮೆಲ್ಲಗೆ ಗೀರುತ್ತೇವೆ. ಮಕ್ಕಳು ಕಚಗುಳಿ ಅಂತ ನಗುತ್ತಾರೆ. ಗೀರಿದ ಕಡೆಗೆ ಹೊಕ್ಕಳು ಚಕ್ಕಂತ ಜಗ್ಗಬೇಕು. ಒಂದು ಕಡೆ ಜಗ್ಗಿ ಇನ್ನೊಂದು ಕಡೆ ಸುಮ್ಮನಿದ್ದರೆ ಎಂಆರ್‌ಐ ಬರೆಯುತ್ತೇವೆ, ಯಾಕೆಂದರೆ ಬೆನ್ನುಹುರಿಯೊಳಗೆ ನೀರು ತುಂಬಿದ ಕೊಳವೆ ಇದ್ದರೆ ಈ ಲಕ್ಷಣ ಮೊದಲೇ ಕಾಣಿಸಬಹುದು.

ಎಕ್ಸ್‌ರೇ ಹುಟ್ಟಿನಿಂದ ಬಂದ ದೋಷವನ್ನು ತೋರಿಸಿಬಿಡುತ್ತದೆ. ಬಸಿರಿನ ಮೊದಲ ಆರೇಳು ವಾರದಲ್ಲೇ ಕಶೇರುಗಳ ರೂಪ ತಯಾರಾಗುತ್ತದೆ. ಆಗ ಒಂದು ಕಶೇರು ಅರ್ಧ ಮಾತ್ರ ಬೆಳೆದರೆ, ಅಥವಾ ಎರಡು ಒಂದು ಬದಿಗೆ ಅಂಟಿಕೊಂಡರೆ, ಮಗು ಬೆಳೆದ ಹಾಗೆ ಬೆನ್ನು ವಾಲುತ್ತಾ ಹೋಗುತ್ತದೆ. ಅಂಥ ಮಕ್ಕಳಿಗೆ ಕಿಡ್ನಿ, ಹೃದಯ ಕೂಡ ಸ್ಕ್ಯಾನ್ ಮಾಡಿಸಬೇಕು. ನಿಮ್ಮ ಮಗಳದ್ದು ಅದಲ್ಲ. ಇನ್ನೊಂದು ಗುಂಪು ನರ-ಸ್ನಾಯುಗಳದ್ದು. ಹಿಂದೆ ಪೋಲಿಯೋ ಬಂದ ಎಷ್ಟೋ ಮಕ್ಕಳ ಬೆನ್ನು ಹೀಗೇ ಸೊಟ್ಟಗಾಗಿದ್ದು. 2014ರಲ್ಲಿ ಭಾರತವನ್ನು ಪೋಲಿಯೋ ಮುಕ್ತ ಅಂತ ಘೋಷಿಸಿದ ಮೇಲೆ ಹೊಸದಾಗಿ ಅಂಥವರು ಬರುವುದಿಲ್ಲ. ಸೆರೆಬ್ರಲ್ ಪಾಲ್ಸಿ, ಸ್ನಾಯು ಕ್ಷಯಿಸುವ ಕಾಯಿಲೆ ಇರುವ ಮಕ್ಕಳಲ್ಲಿ ಈಗಲೂ ನೋಡುತ್ತೇವೆ. ಐದು ವರ್ಷ ಅರಮಂಡಿಯಲ್ಲಿ ಕೂತು ಅಡವು ಹಾಕಿದ ಹುಡುಗಿಗೆ ಅಂಥ ಸ್ನಾಯು ದೌರ್ಬಲ್ಯ ಇರುವುದು ಬಹಳ ಅಪರೂಪ.

ಇಷ್ಟೆಲ್ಲ ಬದಿಗೆ ಸರಿಸಿದ ಮೇಲೆ ಉಳಿಯುವುದು ಇಡಿಯೋಪಥಿಕ್. ಈಗ ನಿಮ್ಮ ಮನೆಯವರ ಒಂದೊಂದು ವಾದವನ್ನೂ ನೋಡೋಣ.

ಬ್ಯಾಗು. ಅತ್ತೆಯ ಮಾತು ಹೊಸದಲ್ಲ. ಕುಳಿತುಕೊಳ್ಳುವ ರೀತಿ, ಕುರ್ಚಿ ಮೇಜಿನ ಎತ್ತರ ಸರಿಯಿಲ್ಲದೆ ಮಕ್ಕಳ ಬೆನ್ನು ಸೊಟ್ಟಗಾಗುತ್ತದೆ ಅಂತ ಫ್ರಾನ್ಸಿನ ನಿಕೊಲಾ ಆಂದ್ರಿ ಎಂಬ ವೈದ್ಯ 1741ರಲ್ಲೇ ಬರೆದಿದ್ದ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಕಾಲವೂ ತನಗೆ ಇಷ್ಟವಿಲ್ಲದ ಒಂದು ವಸ್ತುವನ್ನು ಹಿಡಿದು ಬೈದಿದೆ. ಹಿಂದೆ ಕುರ್ಚಿ, ಆಮೇಲೆ ಬ್ಯಾಗು, ಈಗ ಮೊಬೈಲು. ಆದರೆ ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್ ಹುಟ್ಟಿದ್ದು 1452ರಲ್ಲಿ, ಯುದ್ಧದಲ್ಲಿ ಸತ್ತದ್ದು 1485ರಲ್ಲಿ. ಅವನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ಊರಿನ ಒಂದು ಕಾರ್ ಪಾರ್ಕಿಂಗ್ ಜಾಗದ ಕೆಳಗೆ ಸಿಕ್ಕಿತು. ಮೂಳೆಗಳನ್ನು ಸ್ಕ್ಯಾನ್ ಮಾಡಿ ಜೋಡಿಸಿ ನೋಡಿದಾಗ ಎದೆಭಾಗದಲ್ಲಿ ಬಲಕ್ಕೆ ದೊಡ್ಡ ಡೊಂಕು, 65ರಿಂದ 85 ಡಿಗ್ರಿ. ಹತ್ತು ವರ್ಷ ದಾಟಿದ ಮೇಲೆ ಶುರುವಾಗಿರಬೇಕು, ಕಾರಣ ತಿಳಿಯದ ಬಗೆಯದೇ ಇರಬೇಕು ಅಂತ ನೋಡಿದವರು ಬರೆದರು. ನಿಮ್ಮ ಮಗಳಿಗೆ ಇರುವುದೂ ಇದೇ ಬಗೆ. ಆ ರಾಜನಿಗೆ ಯಾವ ಬ್ಯಾಗು, ಯಾವ ಮೊಬೈಲು ಇತ್ತು ಹೇಳಿ?

ಬ್ಯಾಗಿನ ಭಾರಕ್ಕೆ ಮಗು ಒಂದು ಕಡೆ ವಾಲುವುದು ನಿಜ. ಇಳಿಸಿದರೆ ನೆಟ್ಟಗಾಗುತ್ತದೆ. ಸ್ಕೋಲಿಯೋಸಿಸ್ ಹಾಗಲ್ಲ. ಅದರಲ್ಲಿ ಕಶೇರುಗಳು ಬದಿಗೆ ವಾಲುವುದರ ಜೊತೆಗೆ ತಿರುಚಿಕೊಂಡಿರುತ್ತವೆ. ಆ ತಿರುಚು ಪಕ್ಕೆಲುಬನ್ನೂ ಎಳೆದುಕೊಂಡು ಹೋಗುವುದರಿಂದಲೇ ಮಗು ಮುಂದಕ್ಕೆ ಬಗ್ಗಿದಾಗ ಬೆನ್ನಿನ ಒಂದು ಬದಿ ಉಬ್ಬಿ ಕಾಣುವುದು. ಸುಮ್ನೆ ವಾಲಿ ನಿಂತ ಬೆನ್ನಿನಲ್ಲಿ ಈ ಉಬ್ಬು ಬರುವುದಿಲ್ಲ. ಭಾರದ ಬ್ಯಾಗಿನಿಂದ ಬೆನ್ನುನೋವು, ಕುತ್ತಿಗೆ ನೋವು ಬರುತ್ತದೆ, ಅದಕ್ಕಾಗಿ ತೂಕ ಇಳಿಸಿ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯೂ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು ಅನ್ನುತ್ತದೆ. ಅದು ಬೇರೆ ವಿಷಯ. ಮೊಬೈಲಿಗೂ ಇದೇ ಉತ್ತರ. ಅದನ್ನು ಬೈಯಲು ನೂರು ಕಾರಣ ಇವೆ, ಯಜಮಾನರು ಇನ್ನೊಂದನ್ನು ಆರಿಸಿಕೊಳ್ಳಲಿ.

ಸಂಬಂಧದಲ್ಲಿ ಮದುವೆ. ಇದು ನಿಮಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದೆ ಅನ್ನಿಸುತ್ತೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಸೋದರ ಸಂಬಂಧದಲ್ಲಿ ಮದುವೆಯಾದಾಗ ಕೆಲವು ಕಾಯಿಲೆಗಳ ಸಾಧ್ಯತೆ ಹೆಚ್ಚುವುದು ನಿಜ. ಅಪ್ಪ ಅಮ್ಮ ಇಬ್ಬರಿಂದಲೂ ಒಂದೇ ದೋಷವಿರುವ ಜೀನ್ ಮಗುವಿಗೆ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳು ಅವು. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಅಂಥದ್ದೊಂದು. ಅದರಲ್ಲಿ ಬೆನ್ನೂ ಡೊಂಕಾಗುತ್ತದೆ, ಆದರೆ ಅದಕ್ಕೂ ಮೊದಲೇ ಕೈಕಾಲು ಸೋತಿರುತ್ತವೆ. ನಿಮ್ಮ ಮಗಳ ಬಗೆಯ ಸ್ಕೋಲಿಯೋಸಿಸ್ ಹಾಗೆ ಒಂದು ಜೀನಿನಿಂದ, ಆ ದಾರಿಯಲ್ಲಿ ಬರುವಂಥದ್ದಲ್ಲ. ಸಂಬಂಧದಲ್ಲಿ ಮದುವೆ ಅನ್ನುವುದೇ ಇಲ್ಲದ ಸಮಾಜಗಳಲ್ಲೂ ಇದು ನೂರಕ್ಕೆ ಎರಡು ಮೂರು ಮಕ್ಕಳಲ್ಲಿ ಇದೆ. ನಿಮ್ಮ ತಂಗಿಗೆ ಹೀಗಂತ ಹೇಳಿ.

ಹಾಗಾದರೆ ನಿಮ್ಮ ಚಿಕ್ಕಮ್ಮನ ಬೆನ್ನಿಗೆ ಯಾಕೆ ತೂಕ? ಯಾಕೆಂದರೆ ಸ್ಕೋಲಿಯೋಸಿಸ್ ಮನೆತನದಲ್ಲಿ ಹರಿಯುತ್ತದೆ, ಒಂದಲ್ಲ, ಹತ್ತಾರು ಜೀನುಗಳ ಸಣ್ಣ ಸಣ್ಣ ಪಾಲು ಸೇರಿಕೊಂಡು. ಅವಳಿ ಮಕ್ಕಳನ್ನು ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿಯವರೆಗಿನ ವರದಿಗಳನ್ನು ಒಟ್ಟು ಮಾಡಿದ 1997ರ ಒಂದು ಲೆಕ್ಕದಲ್ಲಿ, ಒಬ್ಬರಿಗೆ ಸ್ಕೋಲಿಯೋಸಿಸ್ ಇದ್ದ, ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ನೂರಕ್ಕೆ 73 ಜೋಡಿಗಳಲ್ಲಿ ಇಬ್ಬರಿಗೂ ಇತ್ತು. ಬೇರೆ ಬೇರೆ ಅಂಡದ ಅವಳಿಗಳಲ್ಲಿ 36. ಡೆನ್ಮಾರ್ಕಿನ ಅವಳಿಗಳ ದಾಖಲೆ ಹಿಡಿದು ಆಮೇಲೆ ಮಾಡಿದ ಅಧ್ಯಯನದಲ್ಲಿ ಅಂಕಿಗಳು ಇದಕ್ಕಿಂತ ತುಂಬಾ ಕಡಿಮೆ ಬಂದವು. ಎರಡರಲ್ಲೂ ಒಂದು ಮಾತು ಸಮಾನ. ರಕ್ತ ಹತ್ತಿರವಾದಷ್ಟೂ ಸಾಧ್ಯತೆ ಜಾಸ್ತಿ, ಆದರೆ ಜೀನ್ ಪೂರ್ತಿ ಒಂದೇ ಆದರೂ ಇಬ್ಬರಿಗೂ ಬಂದೇ ಬರುತ್ತದೆ ಅಂತಿಲ್ಲ. 2011ರಲ್ಲಿ ಜಪಾನಿನವರು ಎಲ್‌ಬಿಎಕ್ಸ್1 ಅನ್ನುವ ಜೀನಿನ ಪಕ್ಕದಲ್ಲಿ ಒಂದು ಗುರುತು ಹಿಡಿದರು. ಚೀನಾ, ಯುರೋಪಿನ ಜನರಲ್ಲೂ ಅದೇ ಸಿಕ್ಕಿತು. ಭ್ರೂಣದಲ್ಲಿ ಸ್ನಾಯುಗಳೂ ಬೆನ್ನುಹುರಿಯ ಸಂವೇದನೆಯ ನರಕೋಶಗಳೂ ರೂಪುಗೊಳ್ಳುವಾಗ ಕೆಲಸ ಮಾಡುವ ಜೀನ್ ಅದು. 2013ರಲ್ಲಿ ಇನ್ನೊಂದು ಸಿಕ್ಕಿತು. ಒಂದೊಂದರ ಪಾಲೂ ಚಿಕ್ಕದು. ಉಗುಳು ಕೊಟ್ಟು ಜೀನ್ ಪರೀಕ್ಷೆ ಮಾಡಿಸಿ ಡೊಂಕು ಎಷ್ಟಾಗುತ್ತದೆ ಅಂತ ಹೇಳಿಬಿಡ್ತೀವಿ ಅಂತ ಅಮೆರಿಕದಲ್ಲಿ ಒಂದು ಪರೀಕ್ಷೆ ಮಾರಾಟಕ್ಕೂ ಬಂದಿತ್ತು. ಬೇರೆ ಜನರಲ್ಲಿ ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಯಾರಾದರೂ ನಿಮಗೆ ಅಂಥದ್ದು ಮಾಡಿಸಿ ಅಂದರೆ ದುಡ್ಡು ಉಳಿಸಿಕೊಳ್ಳಿ.

ಜೀನ್ ಒಲವನ್ನಷ್ಟೇ ಕೊಡುತ್ತದೆ. ಅದನ್ನು ಡೊಂಕಾಗಿ ಮಾಡುವುದು ಬೆಳವಣಿಗೆ. ನನಗೆ ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಕುತೂಹಲದ ಭಾಗ ಇದು.

ಹನ್ನೊಂದು ಹನ್ನೆರಡರ ಹೊತ್ತಿಗೆ ಹುಡುಗಿಯರು ಒಂದೇ ವರ್ಷಕ್ಕೆ ಏಳೆಂಟು ಸೆಂಟಿಮೀಟರ್ ಎತ್ತರ ಆಗಿಬಿಡುತ್ತಾರೆ. ದೊಡ್ಡವಳಾಗುವುದಕ್ಕೆ ಆರೆಂಟು ತಿಂಗಳು ಮುಂಚೆ ಈ ಓಟ ಜೋರು. ಹುಡುಗರಿಗೆ ಎರಡು ವರ್ಷ ತಡವಾಗಿ ಬರುತ್ತದೆ. ಸ್ಕೋಲಿಯೋಸಿಸ್ ಬರುವ ಮಕ್ಕಳಲ್ಲಿ ಈ ಹೊತ್ತಿಗೆ ಬೆನ್ನುಮೂಳೆಯ ಮುಂಭಾಗ ಹಿಂಭಾಗಕ್ಕಿಂತ ಉದ್ದವಾಗಿರುವುದು ಕಂಡುಬಂದಿದೆ. ನಿಮ್ಮ ಟೈಲರನ್ನೇ ಕೇಳಿ, ಎರಡು ಪದರ ಬಟ್ಟೆಯಲ್ಲಿ ಒಂದು ಉದ್ದ ಒಂದು ಗಿಡ್ಡ ಇಟ್ಟು ಹೊಲಿದರೆ ಹೊಲಿಗೆ ನೆಟ್ಟಗೆ ನಿಲ್ಲದೆ ತಿರುಚಿಕೊಳ್ಳುತ್ತದೆ. ಬೆನ್ನಿನಲ್ಲೂ ಹೆಚ್ಚುಕಡಿಮೆ ಹಾಗೇ. ಉದ್ದವಾದ ಮುಂಭಾಗ ಜಾಗ ಸಾಲದೆ ಪಕ್ಕಕ್ಕೆ ತಿರುಗುತ್ತದೆ. ಮುಂಭಾಗದ ಈ ಉದ್ದ ಮೂಲ ಕಾರಣವೋ, ತಿರುಚು ಶುರುವಾದ ಮೇಲೆ ಬಂದದ್ದೋ ಅನ್ನುವ ವಾದ ಇನ್ನೂ ಮುಗಿದಿಲ್ಲ. ಯಾಕೆಂದರೆ ನರದ ಕಾಯಿಲೆಯಿಂದ ಬಂದ ಡೊಂಕಿನಲ್ಲೂ ಇದೇ ಕಾಣುತ್ತದೆ.

ನಿಮ್ಮ ಮಗಳ ಡೊಂಕು ಬಲಕ್ಕಿದೆ ಅಲ್ವಾ? ಎದೆಭಾಗದ ಡೊಂಕು ಬಹುತೇಕ ಬಲಕ್ಕೇ ಇರುತ್ತದೆ. ಬಲಗೈಯಲ್ಲಿ ಕೆಲಸ ಮಾಡುವುದರಿಂದ ಅಂತ ಹಿಂದೆ ಊಹಿಸಿದವರಿದ್ದರು. ನೆದರ್ಲೆಂಡ್ಸಿನ ಉಟ್ರೆಕ್ಟ್ ಊರಿನ ಸಂಶೋಧಕರು ಏನೂ ತೊಂದರೆ ಇಲ್ಲದ ಜನರ ಬೆನ್ನು ಸ್ಕ್ಯಾನ್ ಮಾಡಿ ನೋಡಿದರು. ಹೆಚ್ಚಿನವರ ಬೆನ್ನು ಎದೆಭಾಗದಲ್ಲಿ ಒಂದಿಷ್ಟು ಬಲಕ್ಕೆ ತಿರುಗಿಯೇ ಇರುತ್ತದೆ. ಹೃದಯ, ಯಕೃತ್ತು ಎಲ್ಲ ಅದಲುಬದಲಾಗಿ ಹುಟ್ಟಿದ ಅಪರೂಪದ ಜನರಲ್ಲಿ ನೋಡಿದರೆ ಆ ತಿರುವು ಎಡಕ್ಕಿತ್ತು! ಅಂದರೆ ಒಳಗಿನ ಅಂಗಗಳ ಜೋಡಣೆಯಿಂದ ನಮಗೆಲ್ಲ ಒಂದು ಸಣ್ಣ ತಿರುವು ಇದ್ದೇ ಇದೆ. ಬೆನ್ನು ಹತೋಟಿ ತಪ್ಪಿದಾಗ ಅದೇ ದಿಕ್ಕಿಗೆ ಹೋಗುತ್ತದೆ. ಅದಕ್ಕೇ ಎದೆಭಾಗದ ಡೊಂಕು ಎಡಕ್ಕಿದ್ದರೆ ನಮಗೆ ಅನುಮಾನ ಬರುತ್ತದೆ, ಎಂಆರ್‌ಐ ಕೇಳುತ್ತೇವೆ.

ಡೊಂಕು ಒಂದು ಸಲ ಶುರುವಾದರೆ ಅದೇ ತನ್ನನ್ನು ಬೆಳೆಸಿಕೊಳ್ಳುತ್ತದೆ. ಬೆಳೆಯುವ ಮೂಳೆಯ ಮೇಲೆ ಒತ್ತಡ ಜಾಸ್ತಿ ಬಿದ್ದ ಕಡೆ ಬೆಳವಣಿಗೆ ನಿಧಾನ, ಕಡಿಮೆ ಬಿದ್ದ ಕಡೆ ಜೋರು. ಡೊಂಕಿನ ಒಳಬದಿಗೆ ಭಾರ ಬಿದ್ದು ಅಲ್ಲಿ ಕಶೇರು ಗಿಡ್ಡ ಉಳಿಯುತ್ತದೆ, ಹೊರಬದಿಗೆ ಎತ್ತರ ಬೆಳೆಯುತ್ತದೆ. ಕಶೇರು ಓರೆಯಾದಂತೆ ಡೊಂಕು ಹೆಚ್ಚುತ್ತದೆ, ಡೊಂಕು ಹೆಚ್ಚಿದಂತೆ ಒಳಬದಿಗೆ ಇನ್ನಷ್ಟು ಭಾರ. ಬೆಳವಣಿಗೆ ನಿಂತ ಮೇಲೆ ಈ ಸುತ್ತು ಬಹಳಮಟ್ಟಿಗೆ ನಿಲ್ಲುತ್ತದೆ.

ಮೊದಲ ತಳ್ಳು ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಹಲವು ಕಡೆ ಅಗೆದಿದ್ದಾರೆ. ಫ್ರಾನ್ಸಿನಲ್ಲಿ 1959ರಲ್ಲಿ ಕೋಳಿಮರಿಗಳ ಮೆದುಳಿನಿಂದ ಪೀನಿಯಲ್ ಗ್ರಂಥಿ ತೆಗೆದಾಗ ಅವುಗಳ ಬೆನ್ನು ಸೊಟ್ಟಗಾಯಿತು. ನಿದ್ದೆಯ ಹಾರ್ಮೋನು ಮೆಲಟೋನಿನ್ ಬರುವುದು ಆ ಗ್ರಂಥಿಯಿಂದ. ವರ್ಷಾನುಗಟ್ಟಲೆ ಜನ ಮೆಲಟೋನಿನ್ ಹಿಂದೆ ಬಿದ್ದರು. ಎರಡು ಕಾಲಲ್ಲಿ ನಿಲ್ಲುವ ಹಾಗೆ ಮಾಡಿದ ಇಲಿಗಳಲ್ಲೂ ಅದೇ ಆಯಿತು, ನಾಲ್ಕು ಕಾಲಿನ ಇಲಿಗಳಲ್ಲಿ ಆಗಲಿಲ್ಲ. ಆಮೇಲೆ ಕೋತಿಗಳಲ್ಲಿ ಮಾಡಿ ನೋಡಿದರು, ಏನೂ ಆಗಲಿಲ್ಲ. ಸ್ಕೋಲಿಯೋಸಿಸ್ ಇರುವ ಮಕ್ಕಳ ರಕ್ತದಲ್ಲಿ ಮೆಲಟೋನಿನ್ ಕೆಲವರಿಗೆ ಕಡಿಮೆ, ಕೆಲವರಿಗೆ ಸರಿಯಾಗೇ ಇದೆ. ರಾತ್ರಿ ಬೇಗ ಮಲಗಿಸಿದರೆ ಬೆನ್ನು ನೆಟ್ಟಗಾಗುತ್ತದೆ ಅನ್ನುವ ವಿಡಿಯೋ ಬಂದರೆ ಅದರ ಮೂಲ ಈ ಕೋಳಿಗಳು.

ನನಗೆ ಹೆಚ್ಚು ಭರವಸೆ ಕಾಣಿಸಿದ್ದು ಜೀಬ್ರಾಫಿಶ್ ಅನ್ನುವ ಪುಟ್ಟ ಮೀನಿನ ಕೆಲಸ. ಮೆದುಳು ಬೆನ್ನುಹುರಿಯಲ್ಲಿ ಹರಿಯುವ ದ್ರವವನ್ನು ಕೂದಲಿನಂಥ ಸೂಕ್ಷ್ಮ ಎಳೆಗಳು ಅಲ್ಲಾಡಿ ತಳ್ಳುತ್ತಿರುತ್ತವೆ. ಒಂದು ಜೀನ್ ಕೆಟ್ಟ ಮೀನುಗಳಲ್ಲಿ ಈ ಹರಿವು ಏರುಪೇರಾಗಿ, ಬೆಳೆಯುವ ವಯಸ್ಸಿನಲ್ಲೇ ಬೆನ್ನು ಡೊಂಕಾಯಿತು. ಡೊಂಕು ಶುರುವಾದ ಮೇಲೂ ಎಳೆಗಳ ಚಲನೆ ಸರಿಪಡಿಸಿದರೆ ಅದು ಮುಂದುವರಿಯುವುದು ನಿಂತಿತು. ಇದು 2016ರಲ್ಲಿ ಪ್ರಕಟವಾಯಿತು. ಮೀನಿನಿಂದ ಮನುಷ್ಯರಿಗೆ ದಾರಿ ದೂರ, ಆದರೂ ಬೆಳೆಯುವ ವಯಸ್ಸಿಗೇ ಯಾಕೆ ಅನ್ನುವ ಪ್ರಶ್ನೆಗೆ ಇಂಥ ಕಡೆಯಿಂದ ಉತ್ತರ ಬಂದೀತು.

ಈಗ ಹಾಲು. ಹಾಲು ಕುಡಿಯದಿದ್ದರಿಂದ ಬೆನ್ನು ಡೊಂಕಾಗಲಿಲ್ಲ. ಆದರೆ ಈ ಮಾತನ್ನು ಪೂರ್ತಿ ತಳ್ಳಿಹಾಕುವುದೂ ಇಲ್ಲ. ಸ್ಕೋಲಿಯೋಸಿಸ್ ಇರುವ ಹುಡುಗಿಯರಲ್ಲಿ ಸುಮಾರು ಮೂರನೇ ಒಂದು ಭಾಗದವರ ಮೂಳೆಯ ಸಾಂದ್ರತೆ ವಯಸ್ಸಿಗೆ ಕಡಿಮೆ ಅಂತ ಹಾಂಗ್‌ಕಾಂಗಿನ ವೈದ್ಯರು ಬಹಳ ವರ್ಷದಿಂದ ತೋರಿಸುತ್ತಾ ಬಂದಿದ್ದಾರೆ. ಸಾಂದ್ರತೆ ಕಡಿಮೆ ಇದ್ದವರಲ್ಲಿ ಡೊಂಕು ಮುಂದುವರಿಯುವ ಸಾಧ್ಯತೆಯೂ ಜಾಸ್ತಿ. ಈ ಹುಡುಗಿಯರು ಸಾಮಾನ್ಯವಾಗಿ ಸ್ವಲ್ಪ ಉದ್ದ, ಸ್ವಲ್ಪ ತೆಳ್ಳಗೆ. ಹಾಗಾಗಿ ವಿಟಮಿನ್ ಡಿ ಒಂದು ಸಲ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಡಾಕ್ಟರು ಹೇಳಿದಷ್ಟು ಕೊಡಿ. ಬಿಸಿಲು ಬೇಕಾದಷ್ಟಿದ್ದರೂ ನಮ್ಮ ಮಕ್ಕಳು ಅದರಲ್ಲಿ ನಿಲ್ಲುವುದು ಕಡಿಮೆ. ಹಾಲು ಬೇಡವಾದರೆ ತುಮಕೂರಿನಲ್ಲಿ ಕೂತು ಕ್ಯಾಲ್ಸಿಯಂ ಚಿಂತೆ ಮಾಡಬೇಕಾ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮೊಸರು, ಎಳ್ಳು, ನುಗ್ಗೆಸೊಪ್ಪೂ ಇದೆ. ಮುದ್ದೆ ತಿಂದು ಡೊಂಕು ನೆಟ್ಟಗಾಗಲ್ಲ, ಮೂಳೆ ಗಟ್ಟಿಯಾಗುತ್ತೆ, ಅಷ್ಟು ಸಾಕು.

ಭರತನಾಟ್ಯದ ವಿಷಯದಲ್ಲಿ ನೀವು ಗೊಂದಲಕ್ಕೆ ಬೀಳಬಹುದಾದ ಒಂದು ಮಾಹಿತಿ ಇಂಟರ್ನೆಟ್ಟಿನಲ್ಲಿದೆ, ನಾನೇ ಹೇಳಿಬಿಡ್ತೀನಿ. ಅಮೆರಿಕದ ವೃತ್ತಿಪರ ಬ್ಯಾಲೆ ನರ್ತಕಿಯರಲ್ಲಿ ನೂರಕ್ಕೆ 24 ಜನರಿಗೆ ಸ್ಕೋಲಿಯೋಸಿಸ್ ಇದ್ದದ್ದು 1986ರಲ್ಲಿ ವರದಿಯಾಯಿತು. ಬಲ್ಗೇರಿಯಾದ ರಿದಮಿಕ್ ಜಿಮ್ನಾಸ್ಟಿಕ್ಸ್ ಹುಡುಗಿಯರಲ್ಲಿ ಬೇರೆಯವರಿಗಿಂತ ಹತ್ತು ಪಟ್ಟು ಜಾಸ್ತಿ ಇತ್ತು. ಕುಣಿತದಿಂದ ಬಂತು ಅಂತ ಇದನ್ನು ಓದುವುದು ಸುಲಭ. ಆದರೆ ಆ ಹುಡುಗಿಯರು ತೂಕ ಇಳಿಸಿಕೊಂಡೇ ಇರುತ್ತಾರೆ, ತಡವಾಗಿ ದೊಡ್ಡವರಾಗುತ್ತಾರೆ, ಹುಟ್ಟಿನಿಂದಲೇ ಸಡಿಲ ಕೀಲಿನವರು. ಮೈ ಚೆನ್ನಾಗಿ ಬಾಗುತ್ತದೆ ಅಂತಲೇ ಆ ವಿದ್ಯೆಗೆ ಅವರನ್ನು ಆರಿಸಿರುತ್ತಾರೆ. ಅದೇ ಮೈ ಸ್ಕೋಲಿಯೋಸಿಸ್‌ಗೂ ಒಲಿದಿರಬಹುದು. ವಾರಕ್ಕೆ ಎರಡು ಮೂರು ಕ್ಲಾಸಿನ ಭರತನಾಟ್ಯವನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಬಿಡಿಸಲೂಬೇಡಿ. ಊಟ ಕಡಿಮೆ ಮಾಡು, ಸಣ್ಣಗಿರು ಅಂತ ಯಾರಾದರೂ ಹೇಳುತ್ತಿದ್ದರೆ ಅದನ್ನು ಮಾತ್ರ ನಿಲ್ಲಿಸಿ. ಓಟಗಾರ ಉಸೇನ್ ಬೋಲ್ಟ್ ತನಗೆ ಸ್ಕೋಲಿಯೋಸಿಸ್ ಇದೆ ಅಂತ ತಾನೇ ಹೇಳಿಕೊಂಡಿದ್ದಾನೆ. ಈ ಮಾತು ನಿಮಗಿಂತ ಮಗಳಿಗೆ ಇಷ್ಟವಾಗುತ್ತೆ.

ಕಾರಣದ ಮಾತು ಇಲ್ಲಿಗೆ ಸಾಕು. ಮನೆಯಲ್ಲಿ ಯಾರದು ತಪ್ಪು ಅಂತ ಜಗಳವಾಡುತ್ತಾ ನಾಲ್ಕು ತಿಂಗಳು ಆರಾದರೆ ನಷ್ಟ ಅವಳಿಗೆ. ನಿಮ್ಮ ಕಾಗದದಲ್ಲಿ ನನ್ನ ಗಮನ ನಿಂತದ್ದು 24 ಅನ್ನುವ ಸಂಖ್ಯೆಯ ಮೇಲೂ, ಇನ್ನೂ ದೊಡ್ಡವಳಾಗಿಲ್ಲ ಅನ್ನುವ ಮಾತಿನ ಮೇಲೂ. ಬೆಳವಣಿಗೆ ಇನ್ನೂ ಬಾಕಿ ಇದೆ ಅಂತ ಅರ್ಥ. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಈಗಲೂ ನಾವು ನೆನೆಯುವ ಒಂದು ಅಧ್ಯಯನ ಇದೆ. 20ರಿಂದ 29 ಡಿಗ್ರಿ ಇದ್ದು ಸೊಂಟದ ಮೂಳೆಯ ಪಕ್ವತೆ ಇನ್ನೂ ಶುರುವಿನ ಹಂತದಲ್ಲಿದ್ದ ಮಕ್ಕಳಲ್ಲಿ ನೂರಕ್ಕೆ 68 ಜನರ ಡೊಂಕು ಮುಂದುವರಿಯಿತು. ಅಷ್ಟೇ ಡಿಗ್ರಿ ಇದ್ದು ಮೂಳೆ ಬಲಿತಿದ್ದವರಲ್ಲಿ 23. ಹುಡುಗಿಯರ ಬಗ್ಗೆ ನಮಗೆ ಇನ್ನೂ ಎಚ್ಚರ ಜಾಸ್ತಿ. ಸಣ್ಣ ಡೊಂಕು ಹುಡುಗ ಹುಡುಗಿಯರಲ್ಲಿ ಹೆಚ್ಚುಕಡಿಮೆ ಸಮ, 30 ದಾಟಿದವರಲ್ಲಿ ಹುಡುಗಿಯರೇ ಹಲವು ಪಟ್ಟು.

ಹಾಗಾಗಿ ಆ ನಾಲ್ಕು ತಿಂಗಳ ಭೇಟಿಯನ್ನು ಪರೀಕ್ಷೆ ಇದೆ, ಮದುವೆ ಇದೆ ಅಂತ ಮುಂದೂಡಬೇಡಿ. ಅದೇ ಜಾಗದಲ್ಲಿ, ನಿಂತುಕೊಂಡೇ ಎಕ್ಸ್‌ರೇ ತೆಗೆಸಿ. ಬೆನ್ನಿನ ಕಡೆಯಿಂದ ಹಾಯಿಸಿ ತೆಗೆಯಲು ಹೇಳಿ, ಬೆಳೆಯುವ ಎದೆಗೆ ವಿಕಿರಣ ಕಡಿಮೆ ಬೀಳುತ್ತದೆ. ಹಳೆಯ ಫಿಲಂ ಜೊತೆಗಿರಲಿ. ಅಳತೆಯಲ್ಲೇ ಐದು ಡಿಗ್ರಿ ಹೆಚ್ಚುಕಡಿಮೆ ಆಗುವುದರಿಂದ 24 ಇದ್ದದ್ದು 26 ಆಯ್ತು ಅಂತ ಗಾಬರಿ ಬೇಡ, 30 ಆದರೆ ಅದು ನಿಜವಾದ ಏರಿಕೆ. ಅಲ್ಲಿಯವರೆಗೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ತಿಂಗಳಿಗೊಂದು ಸಲ ಪೆನ್ಸಿಲ್ ಗೆರೆ ಹಾಕಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಮುಟ್ಟು ಶುರುವಾದರೆ ಆ ತಾರೀಕೂ ಬರೆದಿಡಿ. ನಮಗೆ ಇದು ತುಂಬಾ ಉಪಯೋಗ. ಮುಟ್ಟು ಶುರುವಾದ ಮೇಲೆ ಇನ್ನು ಎರಡು ವರ್ಷ ಬೆಳವಣಿಗೆ ಉಳಿದಿರುತ್ತದೆ, ನಿಧಾನವಾಗಿ.

ಏರಿದ್ದು ಖಚಿತವಾದರೆ ಬ್ರೇಸ್ ಹೇಳುತ್ತಾರೆ, ಕೆಲವು ವೈದ್ಯರು ಈಗಲೇ ಹೇಳಿದರೂ ಆಶ್ಚರ್ಯವಿಲ್ಲ. ಬೆನ್ನನ್ನು ಬಿಗಿಯಾಗಿ ಹಿಡಿಯುವ ಕವಚ ಅದು, ಪ್ಲಾಸ್ಟಿಕ್ಕಿನದು, ಮೈ ಅಳತೆಗೆ ಮಾಡುವುದು, ಬಟ್ಟೆ ಒಳಗೆ ಹಾಕುವುದು. ಅಮೆರಿಕ, ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಬ್ರೇಸ್ ಹಾಕಿದ ನೂರರಲ್ಲಿ 72 ಮಕ್ಕಳು 50 ಡಿಗ್ರಿ, ಅಂದರೆ ಆಪರೇಷನ್ ಮಟ್ಟ, ಮುಟ್ಟದೆ ಬೆಳವಣಿಗೆ ಮುಗಿಸಿದರು, ಸುಮ್ನೆ ಗಮನಿಸಿದವರಲ್ಲಿ 48. ದಿನಕ್ಕೆ 13 ಗಂಟೆಗಿಂತ ಜಾಸ್ತಿ ಹಾಕಿದವರಲ್ಲಿ ಯಶಸ್ಸು 90 ದಾಟಿತ್ತು. ಆ 48 ಅನ್ನೂ ಗಮನಿಸಿ, ಏನೂ ಮಾಡದೆಯೂ ಅರ್ಧದಷ್ಟು ಮಕ್ಕಳು ಆ ಗಡಿ ಮುಟ್ಟಲಿಲ್ಲ. ಸ್ಕೋಲಿಯೋಸಿಸ್‌ಗೇ ಅಂತ ಇರುವ ಫಿಸಿಯೋಥೆರಪಿ ವ್ಯಾಯಾಮಗಳಿಂದ ಸ್ವಲ್ಪ ಅನುಕೂಲ ಇದೆ, ಗೊತ್ತಿರುವವರ ಹತ್ತಿರ ಕಲಿಯಬೇಕು. ಬೆನ್ನು ಲಟಲಟ ಅನ್ನಿಸಿ ಸರಿ ಮಾಡ್ತೀವಿ ಅನ್ನುವವರ ಹತ್ತಿರ, ಎಣ್ಣೆ ತಿಕ್ಕಿ ಎಳೆಯುವವರ ಹತ್ತಿರ ಹೋಗಬೇಡಿ. ರಾತ್ರಿ ಎಬ್ಬಿಸುವಂಥ ನೋವು, ಕಾಲು ಎಳೆಯುವುದು, ಜೋಮು, ಮೂತ್ರ ಹಿಡಿತ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ ನಾಲ್ಕು ತಿಂಗಳು ಕಾಯದೆ ತಕ್ಷಣ ತೋರಿಸಿ.

ನೀವು ಬರೆದಿಲ್ಲ, ಆದರೆ ಎಲ್ಲ ತಾಯಂದಿರ ಮನಸ್ಸಿನಲ್ಲಿರುವ ಮಾತು: ಮುಂದೆ ಮದುವೆ, ಹೆರಿಗೆ? 30 ಡಿಗ್ರಿಯೊಳಗೆ ಬೆಳವಣಿಗೆ ಮುಗಿದರೆ ಆಮೇಲೆ ಏರುವುದು ಅಪರೂಪ. ಬಸಿರಿಗೂ ಹೆರಿಗೆಗೂ ಇದು ಅಡ್ಡಿ ಬರುವುದಿಲ್ಲ.

ಇನ್ನು ಚಿಕ್ಕವಳು. ಅಕ್ಕನಿಗಿದ್ದರೆ ತಂಗಿಗೆ ಬರುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಹಲವು ಪಟ್ಟು ಜಾಸ್ತಿ, ಆದರೂ ಬಾರದೆ ಇರುವ ಸಾಧ್ಯತೆಯೇ ದೊಡ್ಡದು. ಈಗಲೇ ಎಕ್ಸ್‌ರೇ ಬೇಡ. ಲಂಡನ್ನಿನ ವಿಲಿಯಂ ಆಡಮ್ಸ್ ಎಂಬ ಸರ್ಜನ್ 1865ರಲ್ಲಿ ವಿವರಿಸಿದ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಬೆಳಕಿರುವ ಕಡೆ, ಬೆನ್ನು ಕಾಣುವ ಹಾಗೆ, ಬರಿಗಾಲಲ್ಲಿ ಪಾದ ಜೋಡಿಸಿ ನಿಲ್ಲಲಿ. ಮಂಡಿ ಮಡಚಬಾರದು. ಎರಡೂ ಅಂಗೈ ಸೇರಿಸಿ, ಕೈ ಜೋತುಬಿಟ್ಟು, ಬೆನ್ನು ನೆಲಕ್ಕೆ ಸಮ ಆಗುವವರೆಗೆ ನಿಧಾನವಾಗಿ ಬಗ್ಗಲಿ. ನೀವು ಹಿಂದೆ ಕೂತು ಕಣ್ಣನ್ನು ಅವಳ ಬೆನ್ನಿನ ಮಟ್ಟಕ್ಕೆ ತನ್ನಿ. ಎಡ ಬಲ ಎರಡೂ ಒಂದೇ ಎತ್ತರ ಇರಬೇಕು. ಒಂದು ಬದಿ ಪಕ್ಕೆಲುಬು ಎದ್ದಿದ್ದರೆ ಕರೆತನ್ನಿ. ಸರಿಯಾಗಿದ್ದರೆ ಆರು ತಿಂಗಳಿಗೊಮ್ಮೆ ಹೀಗೇ ನೋಡಿ, ಅವಳು ದೊಡ್ಡವಳಾಗಿ ಎರಡು ವರ್ಷ ಕಳೆಯುವ ತನಕ.